ಹನ್ನೊಂದು ವರ್ಷದ ಹಾಡು, ಆರು ವರ್ಷದ ಕ್ಲಾರಿನೆಟ್

ಟೆಕ್ಸಸ್‌ನ ಕನ್ನಡ ಮನೆಗಳಿಂದ ಸೆಪ್ಟೆಂಬರ್ ಬಂತೆಂದರೆ ಸಲಹೆ ಕೇಳಿ ನನ್ನ ಬಳಿ ಬರುವುದು ಇದೇ ಪ್ರಶ್ನೆ. ಮಗುವಿಗೆ ಶಾಲೆಯಲ್ಲಿ ಸಂಗೀತ ಹೇಳಿಕೊಡುವ ಆಸೆ. ಮ್ಯೂಸಿಕ್ ಎಜುಕೇಶನ್ ಪದವಿಯ ಅರ್ಜಿಯಲ್ಲಿ ಕೋರಲ್ (ಕಾಯರ್, ಅಂದರೆ ಗುಂಪು ಗಾಯನ), ಬ್ಯಾಂಡ್ (ಊದುವ, ಬಡಿಯುವ ವಾದ್ಯಗಳು), ಆರ್ಕೆಸ್ಟ್ರಾ (ಮುಖ್ಯವಾಗಿ ತಂತಿವಾದ್ಯಗಳು) ಎಂದು ಮೂರು ಕವಲು. ಯಾವುದಕ್ಕೆ ಗುರುತು ಹಾಕುವುದು? ಈ ಪ್ರಕರಣದಲ್ಲಿ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿ ಹನ್ನೆರಡನೇ ಕ್ಲಾಸು. ಹನ್ನೊಂದು ವರ್ಷ ಕರ್ನಾಟಕ ಸಂಗೀತ ಹಾಡಿದ್ದಾಳೆ, ಆರನೇ ಕ್ಲಾಸಿನಿಂದ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್. ಅರ್ಜಿಯಲ್ಲಿ ಕೋರಲ್ ಎಂದು ಆಗಲೇ ತುಂಬಿಯಾಗಿತ್ತು. "ಇಷ್ಟು ವರ್ಷ ಹಾಡು ಕಲ್ಸಿ, ಈಗ ಪೀಪಿ ಊದೋಕೆ ಕಳ್ಸೋದಾ ಮೇಡಂ?" ಎಂದರು ತಾಯಿ.

ಎರಡನೇ ಭೇಟಿಯಲ್ಲಿ ಅವಳನ್ನು ಕೇಳಿದ್ದು ಒಂದೇ: "ಬ್ಯಾಂಡಲ್ಲಿ ಚಿಕ್ಕ ಮಕ್ಕಳು ಎಲ್ಲಿ ಎಡವ್ತಾರೆ?"

ತಡೆಯಿಲ್ಲದೆ ಮಾತು ಬಂತು. "ಎ ಸ್ವರದಿಂದ ಬಿ ಸ್ವರಕ್ಕೆ ಹೋಗೋವಾಗ. ಎ ಗೆ ಒಂದು ಬೆರಳು ಸಾಕು. ಬಿ ಗೆ ಹೆಬ್ಬೆರಳೂ ಸೇರಿ ಎಂಟು ಬೆರಳು ಒಟ್ಟಿಗೆ ಕೂರ್ಬೇಕು. ಒಂದು ತೂತಲ್ಲಿ ಚೂರು ಗಾಳಿ ಸೋರಿದ್ರೂ ಕೀಚ್ ಅನ್ನುತ್ತೆ. ಮಕ್ಕಳು ಊದೋ ತುದಿಯ ತೆಳು ಪಟ್ಟಿ, ಅದೇ ರೀಡ್, ಕೆಟ್ಟಿದೆ ಅಂತ ಬದಲಾಯಿಸ್ತಾ ಕೂರ್ತಾರೆ. ನಾನು ಎ ನುಡಿಸೋವಾಗ್ಲೇ ಬಲಗೈ ಬೆರಳು ಮುಚ್ಚಿಟ್ಕೊಳ್ಳೋಕೆ ಹೇಳ್ತೀನಿ, ಸ್ವರ ಕೆಡಲ್ಲ. ಆಮೇಲೆ ಎಡಗೈ ಮಾತ್ರ ನೋಡ್ಕೊಂಡ್ರೆ ಸಾಕು."

"ಸರಿ, ಕಾಯರಲ್ಲಿ ಆಲ್ಟೋದವರು, ಅಂದ್ರೆ ಕೆಳಗಿನ ಹೆಣ್ಣು ದನಿಯವರು, ಶ್ರುತಿ ಇಳಿಸಿದ್ರೆ?"

ಸುಮ್ಮನಾದಳು. "ತಂಬೂರಿ ಹಾಕ್ತೀನೇನೋ" ಎಂದು ನಕ್ಕಳು. ಕಾಯರಿನಲ್ಲಿ ಅವಳು ಒಂದು ದಿನವೂ ನಿಂತಿರಲಿಲ್ಲ. ತಾಯಿ ಮಗಳ ಕಡೆ ತಿರುಗಿ, "ಬೆರಳಿನ ಈ ಕಥೆಯೆಲ್ಲ ನಂಗೆ ಹೇಳೇ ಇಲ್ವಲ್ಲೇ" ಎಂದರು.

ಬ್ಯಾಂಡ್ ತೆಗೆದುಕೋ ಎಂದೆ. ಹಾಡಿನ ಪಾಠವನ್ನು ಮೂಲೆಗೆ ತಳ್ಳಿದಿರಿ ಎಂಬ ದೂರು ಮನೆಯಿಂದ ಬಂತು, ಒಪ್ಪುವುದಿಲ್ಲ. ಕೋರಲ್ ಆಡಿಷನ್ (ಪ್ರವೇಶಕ್ಕಾಗಿ ಹಾಡಿ ತೋರಿಸುವ ಪರೀಕ್ಷೆ) ಸಾಮಾನ್ಯವಾಗಿ ಜನವರಿ-ಫೆಬ್ರವರಿಯಲ್ಲಿ. ಪಿಯಾನೋ ಜೊತೆಗೆ ಎರಡು ಹಾಡು, ಹಲವು ಕಡೆ ಅದರಲ್ಲೊಂದು ಇಟಾಲಿಯನ್‌ನದು, ಮೇಲೆ ಸ್ವರಲಿಪಿ ನೋಡಿ ಥಟ್ಟನೆ ಹಾಡುವ ಪರೀಕ್ಷೆ. ಕಂಠದ ಬಳಕೆಯೇ ಬೇರೆ, ನಾಲ್ಕೈದು ತಿಂಗಳಲ್ಲಿ ಕೂರಿಸುವಂಥದ್ದಲ್ಲ. ಕ್ಲಾರಿನೆಟ್ಟಿಗಾದರೆ ಎಟ್ಯೂಡು (ಅಭ್ಯಾಸದ ಕಿರುಕೃತಿ), ಹನ್ನೆರಡು ಮೇಜರ್ ಸ್ಕೇಲು (ಸ್ವರಗಳ ಆರೋಹಣ-ಅವರೋಹಣ), ಹನ್ನೆರಡೂ ಸ್ವರಸ್ಥಾನ ಸಾಲಾಗಿ ಬರುವ ಕ್ರೊಮ್ಯಾಟಿಕ್: ಅವಳ ಕೈಯಲ್ಲಿ ಆಗಲೇ ಇವೆ. ಇನ್ನು ಟೆಕ್ಸಸ್‌ನಲ್ಲಿ ಶಿಕ್ಷಕರ ಪ್ರಮಾಣಪತ್ರ ಒಂದೇ, ಪುಟ್ಟ ಮಕ್ಕಳಿಂದ ಹನ್ನೆರಡನೇ ಕ್ಲಾಸಿನವರೆಗಿನ ಸಂಗೀತಕ್ಕೆಲ್ಲ ಸೇರಿ. ಅಂದರೆ ಕಾಗದದ ಮೇಲೆ ಬಾಗಿಲು ಮುಚ್ಚುವುದಿಲ್ಲ. ಕೆಲಸ ಕೊಡುವವರು ಮಾತ್ರ ಸ್ಟೂಡೆಂಟ್ ಟೀಚಿಂಗ್ (ಪದವಿಯ ಭಾಗವಾಗಿ ಶಾಲೆಯಲ್ಲಿ ಪಾಠ ಮಾಡುವ ತರಬೇತಿ) ಎಲ್ಲಿ ಮಾಡಿದೆ, ಯಾವ ಗುಂಪಿನ ಮುಂದೆ ನಿಂತೆ ಎಂದೇ ನೋಡುತ್ತಾರೆ.

ಹಾಡು ದಂಡವಾಗುವುದೂ ಇಲ್ಲ. ಒಂದು ಬೀಟನ್ನು ನಾಲ್ಕಾಗಿ ಒಡೆಯಲು ತಡವರಿಸುವ ಮಕ್ಕಳಿಗೆ ತಕದಿಮಿ, ಮೂರಾಗಿಸಲು ತಕಿಟ. ಇಷ್ಟು ಬಾಯಲ್ಲಿ ಹೇಳಿಸಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಆಡಿಷನ್ ಇಲ್ಲದೆ ಸೇರಿಸಿಕೊಳ್ಳುವ ಕಾಯರಿದ್ದರೆ ಎರಡು ಸೆಮಿಸ್ಟರ್ ಹಾಡು ಎಂದೂ ಹೇಳಿದೆ.

ಇಬ್ಬರಿಗೂ ಒತ್ತಿ ಹೇಳಿದ್ದು ಪಿಯಾನೋ ವಿಷಯ. ಯಾವ ಕವಲಾದರೂ ಕೀಬೋರ್ಡ್ ಪರೀಕ್ಷೆ ತಪ್ಪುವುದಿಲ್ಲ: ಎರಡೂ ಕೈಯಲ್ಲಿ ಸ್ಕೇಲು, ಕೊಟ್ಟ ಸ್ವರಸಾಲಿಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಕೂರಿಸುವುದು, ಬೇರೆ ಶ್ರುತಿಗೆ ಏರಿಸುವುದು. ಒಂದೇ ಸ್ವರಸಾಲಿನಲ್ಲಿ ಬೆಳೆದ ನಮ್ಮ ಮಕ್ಕಳು ಸಿಕ್ಕಿಬೀಳುವುದು ಕಾರ್ಡಿನಲ್ಲೇ. ಇವತ್ತಿನಿಂದಲೇ ದಿನಕ್ಕೆ 20 ನಿಮಿಷ ಎಂದೆ. ಎರಡನೇ ವರ್ಷದ ಮೇಲೆ ಕವಲು ಬದಲಿಸಿದರೆ ಹಲವು ಕಡೆ ಮತ್ತೆ ಆಡಿಷನ್, ತಪ್ಪಿಹೋದ ವಾದ್ಯದ ಕೋರ್ಸುಗಳು, ಆಗಾಗ ಒಂದು ವರ್ಷ ಹೆಚ್ಚು. ಆ ಖರ್ಚನ್ನೂ ತಂದೆಯವರ ಕಿವಿಗೆ ಹಾಕಿದೆ.

ಹೊರಡುವಾಗ ತಾಯಿ, "ಶನಿವಾರದ ಹಾಡಿನ ಕ್ಲಾಸು ನಿಲ್ಲಿಸ್ಬೇಕಾ?" ಎಂದರು. ಬೇಡ. ನಿಲ್ಲಿಸಬೇಕಾದ್ದು ಆಡಿಷನ್ ಬೆಳಗ್ಗೆ ಹೊಸ ರೀಡ್ ತೆಗೆಯುವ ಚಾಳಿಯನ್ನು. ಚಳಿಗಾಲದ ಹೀಟರ್ ಗಾಳಿಗೆ ರೀಡ್ ಒಣಗಿ ಸೊಟ್ಟಗಾಗುತ್ತದೆ. ನಾಲ್ಕು ರೀಡನ್ನು ಎರಡು ವಾರ ಮುಂಚೆಯೇ ದಿನಾ ಸ್ವಲ್ಪ ನುಡಿಸಿ ಪಳಗಿಸಿ, ಮುಚ್ಚಿದ ಡಬ್ಬಿಯಲ್ಲಿ ಇಡಬೇಕು.