ಗ್ರೋತ್ ಫ್ಯಾಕ್ಟರ್‌ಗಳು ಕ್ಯಾನ್ಸರ್ ಕೋಶದ ಸಾವನ್ನು ಹೇಗೆ ತಡೆಯುತ್ತವೆ?

ಗ್ರೋತ್ ಫ್ಯಾಕ್ಟರ್‌ಗಳು ಎಂಬ ಸಂಕೇತ ನೀಡುವ ಪ್ರೋಟೀನುಗಳು ಕೋಶವನ್ನು ವಿಭಜನೆಗೆ ಪ್ರೇರೇಪಿಸುವುದಷ್ಟೇ ಅಲ್ಲ, ಬದುಕಿಸಿಯೂ ಇಡುತ್ತವೆ. ಅವುಗಳ ಸಂಕೇತ ನಿಂತರೆ ಎಷ್ಟೋ ಸಾಮಾನ್ಯ ಕೋಶಗಳು ಅಪೊಪ್ಟೋಸಿಸ್‌ನಿಂದ, ಅಂದರೆ ತಮ್ಮೊಳಗಿನ ಸಾವಿನ ವ್ಯವಸ್ಥೆಯಿಂದಲೇ ಸಾಯುತ್ತವೆ.

ಶ್ವಾಸಕೋಶದ ಕ್ಯಾನ್ಸರನ್ನೇ ನೋಡಿ. ಇಜಿಎಫ್‌ಆರ್ ಎಂಬ, ಕೋಶದ ಮೇಲ್ಮೈಯಲ್ಲಿ ಈ ಸಂಕೇತವನ್ನು ಹಿಡಿಯುವ ಗ್ರಾಹಕ ಪ್ರೋಟೀನಿನಲ್ಲಿ ಎಲ್858ಆರ್ ಎಂಬ ರೂಪಾಂತರ (ಜೀನಿನ ಬದಲಾವಣೆ) ಇದ್ದರೆ, ಹೊರಗಿನಿಂದ ಗ್ರೋತ್ ಫ್ಯಾಕ್ಟರ್ ಬರದಿದ್ದರೂ ಗ್ರಾಹಕ ಸದಾ ಚಾಲೂ ಇದ್ದು ಕೋಶದೊಳಗಿನ ಇಆರ್‌ಕೆ, ಎಕೆಟಿ ಎಂಬ ಕಿಣ್ವಗಳನ್ನು ಎಬ್ಬಿಸುತ್ತದೆ. ಆಗ ಇಆರ್‌ಕೆ ಕಿಣ್ವ ಬಿಮ್ ಎಂಬ ಮಾರಕ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದು ಕೋಶದ ಪ್ರೋಟೀನು ಒಡೆಯುವ ಘಟಕವಾದ ಪ್ರೋಟಿಯಸೋಮ್‌ನಲ್ಲಿ ನಾಶವಾಗುವಂತೆ ಮಾಡುತ್ತದೆ; ಎಕೆಟಿ ಕಿಣ್ವ ಬ್ಯಾಡ್ ಎಂಬ ಇನ್ನೊಂದು ಮಾರಕ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಹೀಗಾಗಿ ಮೈಟೊಕಾಂಡ್ರಿಯದಿಂದ ಸಾವಿಗೆ ಚಾಲನೆ ಕೊಡುವ ಸೈಟೋಕ್ರೋಮ್ ಸಿ ಪ್ರೋಟೀನು ಸೋರುವುದಿಲ್ಲ, ಕೋಶವನ್ನು ಕತ್ತರಿಸುವ ಕ್ಯಾಸ್ಪೇಸ್‌ಗಳು ಸಕ್ರಿಯವಾಗುವುದಿಲ್ಲ.

ಜೆಫಿಟಿನಿಬ್ ಎಂಬ ಔಷಧ ಈ ಗ್ರಾಹಕವನ್ನು ತಡೆದಾಗ ಬಿಮ್ ಮತ್ತೆ ಶೇಖರವಾಗಿ ಕೋಶ ಸಾಯುತ್ತದೆ. ಔಷಧ ಸೋಲುವುದಕ್ಕೆ ಮುಖ್ಯ ಕಾರಣ ಟಿ790ಎಂ ಎಂಬ ಅದೇ ಗ್ರಾಹಕದ ಎರಡನೇ ರೂಪಾಂತರ. ಕೆಲವರಲ್ಲಿ ಮೆಟ್ ಎಂಬ ಇನ್ನೊಂದು ಗ್ರಾಹಕ ಹೆಚ್ಚಿ, ಬೇರೆ ದಾರಿಯಿಂದ ಎಕೆಟಿಯನ್ನು ಎಬ್ಬಿಸುತ್ತದೆ. ಮೊದಲನೆಯದಕ್ಕೆ ಓಸಿಮರ್ಟಿನಿಬ್ ಔಷಧವಿದೆ, ಎರಡನೆಯದಕ್ಕೆ ಅದೊಂದೇ ಸಾಲದು. ಹಾಗಾಗಿ ಗಡ್ಡೆ ಮತ್ತೆ ಬೆಳೆದರೆ ರೂಪಾಂತರದ ಪರೀಕ್ಷೆಯನ್ನು ಹೊಸದಾಗಿ ಮಾಡಿಸುವುದು ಬಹಳ ಮುಖ್ಯ.

ಎಲ್ಲ ಗ್ರೋತ್ ಫ್ಯಾಕ್ಟರ್‌ಗಳೂ ಹೀಗಲ್ಲ. ಟಿಜಿಎಫ್-ಬೀಟಾ ಎಂಬ ಗ್ರೋತ್ ಫ್ಯಾಕ್ಟರ್ ಗಡ್ಡೆಯ ಆರಂಭದ ಹಂತದಲ್ಲಿ ಕೋಶವನ್ನು ಸಾಯಿಸಬಲ್ಲದು. ಮುಂದುವರಿದ ಗಡ್ಡೆಯಲ್ಲಿ ಅದೇ ಕ್ಯಾನ್ಸರ್ ಹರಡಲು ನೆರವಾಗುತ್ತದೆ.