ಫಾಂಟು ಆಮೇಲೆ, ಮೊದಲು ಫೋನಿನಲ್ಲಿರುವುದನ್ನು ಹೊರಗೆ ತೆಗೀರಿ

ಕಾಪುವಿನಿಂದ ಕೇಳಿದ ಅಣ್ಣನಿಗೆ ಸ್ವಲ್ಪ ಉದ್ದದ ಉತ್ತರವೇ ಬರೆಯುತ್ತೇನೆ. ನೀವು ಕೇಳಿದ್ದು ಇಷ್ಟು: ಆಂಡ್ರಾಯ್ಡ್ 11ರ ಫೋನು ಉಂಟು, ಯೂನಿಕೋಡ್‌ನ ತುಳು ಲಿಪಿ ಅದರಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತದೆ, ರೂಟ್ ಮಾಡಿ (ಅಂದರೆ ಫೋನಿನ ಸಿಸ್ಟಂ ಫೈಲುಗಳನ್ನೂ ಬದಲಾಯಿಸುವ ಅಧಿಕಾರ ಪಡೆದು) ಸಿಸ್ಟಂ ಫೋಲ್ಡರಿಗೆ ಫಾಂಟು ಹಾಕಿದರೆ ಸರಿಯಾಗುತ್ತದಾ ಅಂತ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: "ಫೋಟೋ ಎಲ್ಲ ಗೂಗಲ್‌ನಲ್ಲಿ ಉಂಟು, ಬ್ಯಾಕಪ್‌ದು ಚಿಂತೆ ಇಲ್ಲ." ಆ ಸಾಲು ಓದಿಯೇ ನನಗೆ ಹೆದರಿಕೆಯಾದದ್ದು.

ಫೋನು ಆನ್ ಆಗುವಾಗ ಸಿಸ್ಟಂ ಎಬ್ಬಿಸುವ ಬೂಟ್‌ಲೋಡರ್ ಅನ್ನುವ ಪ್ರೋಗ್ರಾಮಿನ ಬೀಗ ತೆಗೆಯದೆ, ಅಂದರೆ ಅನ್‌ಲಾಕ್ ಮಾಡದೆ, ಸಾಮಾನ್ಯವಾಗಿ ರೂಟ್ ಆಗುವುದಿಲ್ಲ. ಅನ್‌ಲಾಕ್ ಮಾಡಿದ ಕ್ಷಣ ಫೋನು ತನ್ನೊಳಗಿನ ಡೇಟಾ ಪೂರ್ತಿ ಅಳಿಸಿಬಿಡುತ್ತದೆ. ಇದು ದೋಷ ಅಲ್ಲ. ಕದ್ದ ಫೋನಿನ ಬೀಗ ತೆಗೆದು ಒಳಗಿನದ್ದನ್ನು ಯಾರೂ ಓದಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದು. ಮೇಲಿನಿಂದ ಈಗಿನ ಫೋನುಗಳಲ್ಲಿ ಡೇಟಾ ಗೂಢಲಿಪಿಯಲ್ಲಿ ಇರುತ್ತದೆ. ಒಮ್ಮೆ ಅಳಿಸಿಹೋದರೆ ಅಂಗಡಿಗೆ ಕೊಂಡುಹೋದರೂ ರಿಕವರಿ ಸಾಫ್ಟ್‌ವೇರ್ ತಂದರೂ ವಾಪಸು ಬರುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಹಳೆಯ ಫೋನಿಗೆ ಹೊಸ ರಾಮ್ (ROM, ಅಂದರೆ ಬೇರೆ ಸಿಸ್ಟಂ ಸಾಫ್ಟ್‌ವೇರ್) ಹಾಕುವ ಮೊದಲು, ಬ್ಯಾಕಪ್ ತೆಗೆಯಲಿಕ್ಕೂ ಸಿಸ್ಟಂ ಹಾಕಲಿಕ್ಕೂ ಬಳಸುವ ಟಿಡಬ್ಲ್ಯುಆರ್‌ಪಿ ರಿಕವರಿಯಲ್ಲಿ "ಡೇಟಾ" ಅನ್ನುವುದಕ್ಕೆ ಟಿಕ್ ಹಾಕಿ ಬ್ಯಾಕಪ್ ತೆಗೆದೆ. ಮೆಮೊರಿ ಕಾರ್ಡಿಗೆ ಸುಮಾರು ಹೊತ್ತು ಕಾಪಿಯಾಯಿತು, ಕೊನೆಗೆ ಯಶಸ್ವಿ ಅಂತ ಬಂತು. ಡೇಟಾ ಅಂದರೆ ಎಲ್ಲವೂ ಬಂತು ಅಂತ ನಂಬಿ ಫಾರ್ಮ್ಯಾಟ್ ಕೊಟ್ಟೆ. ಆ ಬ್ಯಾಕಪ್ಪಿಗೆ ಆ್ಯಪುಗಳು, ಸೆಟ್ಟಿಂಗು, ಮೆಸೇಜುಗಳು ಸೇರುತ್ತವೆ. ಫೋಟೋ, ರೆಕಾರ್ಡಿಂಗ್ ಎಲ್ಲ ಇರುವ ಇಂಟರ್ನಲ್ ಸ್ಟೋರೇಜ್ ಸೇರುವುದೇ ಇಲ್ಲ. ಅಜ್ಜಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ ಕಬಿತಗಳನ್ನು, ಅಂದರೆ ತುಳು ಹಾಡುಗಳನ್ನು, ಒಂದು ಮಳೆಗಾಲ ಇಡೀ ಚಾವಡಿಯಲ್ಲಿ ಕೂರಿಸಿ ರೆಕಾರ್ಡ್ ಮಾಡಿದ್ದೆ. ಅದೆಲ್ಲ ಇದ್ದದ್ದು ಅಲ್ಲಿಯೇ. ರಿಸ್ಟೋರ್ ಆದ ಮೇಲೆ ರೆಕಾರ್ಡರ್ ಆ್ಯಪು ತೆರೆದರೆ ಪಟ್ಟಿಯಲ್ಲಿ ಹೆಸರುಗಳು ಎಲ್ಲ ಇದ್ದವು, ಒತ್ತಿದರೆ "ಫೈಲು ಇಲ್ಲ". ಅಜ್ಜಿ ಆಗ ತೀರಿಕೊಂಡು ವರ್ಷ ಆಗಿತ್ತು. ಅದಕ್ಕಾಗಿ ಇಷ್ಟು ಒತ್ತಿ ಹೇಳುವುದು.

ಇನ್ನು ನಿಮ್ಮ ಫೋನು. ಗೂಗಲ್ ಫೋಟೋಸ್ ಸಾಮಾನ್ಯವಾಗಿ ಕ್ಯಾಮೆರಾ ಫೋಲ್ಡರನ್ನು ಮಾತ್ರ ತಾನಾಗಿ ತೆಗೆದುಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರ, ಸ್ಕ್ರೀನ್‌ಶಾಟ್ ಇತ್ಯಾದಿ ನೀವು ಆ ಫೋಲ್ಡರು ಆರಿಸಿದ್ದರೆ ಮಾತ್ರ. ವಾಯ್ಸ್ ನೋಟ್, ಕಾಲ್ ರೆಕಾರ್ಡಿಂಗ್, ಪಿಡಿಎಫ್ ಅದಕ್ಕೆ ಸಂಬಂಧವೇ ಇಲ್ಲ. ಹಾಗಾಗಿ ಕೇಬಲ್ ಹಾಕಿ ಇಂಟರ್ನಲ್ ಸ್ಟೋರೇಜ್ ಪೂರ್ತಿ ಕಂಪ್ಯೂಟರಿಗೆ ಎಳೆಯಿರಿ. ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುವ ಎಡಿಬಿ ಗೊತ್ತಿದ್ದರೆ ಪುಲ್ ಕಮಾಂಡಿಗೆ ಮೈನಸ್ ಎ (-a) ಸೇರಿಸಿ, ಫೈಲಿನ ಹಳೆಯ ತಾರೀಕು ಉಳಿಯುತ್ತದೆ. ಮಾಮೂಲಿಯಾಗಿ ಎಳೆದರೆ ಎಷ್ಟೋ ಸಲ ಎಲ್ಲದಕ್ಕೂ ಇವತ್ತಿನ ತಾರೀಕು ಬಿದ್ದು ಮದುವೆಯದ್ದು ಯಾವುದು ಭೂತಕೋಲದ್ದು ಯಾವುದು ಅಂತ ಹುಡುಕಲಿಕ್ಕೆ ಆಗುವುದಿಲ್ಲ.

ವಾಟ್ಸಾಪ್ ಬೇರೆಯೇ ನೋಡಿಕೊಳ್ಳಿ. ಮೊದಲು ಚಾಟ್ ಬ್ಯಾಕಪ್ ಒತ್ತಿ ಆ ದಿನದ್ದೇ ಒಂದು ತೆಗೀರಿ. ಡ್ರೈವ್‌ಗೆ ಹೋಗುವ ಬ್ಯಾಕಪ್ 2024ರಿಂದ ನಿಮ್ಮ 15 ಜಿಬಿ ಲೆಕ್ಕಕ್ಕೇ ಸೇರುತ್ತದೆ, ಜಾಗ ಸಾಲದಿದ್ದರೆ ಅರ್ಧದಲ್ಲಿ ನಿಂತಿರಬಹುದು, ಕೊನೆಯ ತಾರೀಕು ನೋಡಿ. ಕಂಪ್ಯೂಟರಿಗೂ ಒಂದು ಪ್ರತಿ ಬೇಕು: ಆಂಡ್ರಾಯ್ಡ್ ಫೋಲ್ಡರಿನೊಳಗೆ ಮೀಡಿಯಾ, ಅದರೊಳಗೆ ಕಾಮ್ ಡಾಟ್ ವಾಟ್ಸಾಪ್, ಆ ಫೋಲ್ಡರು ಇಡಿಯಾಗಿ. ವಾಪಸು ಹಾಕುವಾಗ ಅದನ್ನು ಅದೇ ಜಾಗಕ್ಕೆ ಮೊದಲು ಇಟ್ಟು, ಆಮೇಲೆ ವಾಟ್ಸಾಪ್ ಹಾಕಿ ಅದೇ ನಂಬರಿನಲ್ಲಿ ಒಳಗೆ ಹೋಗಬೇಕು. ಬ್ಯಾಕಪ್ಪಿಗೆ ಪಾಸ್‌ವರ್ಡ್ ಇಟ್ಟಿದ್ದರೆ ಅದು ನೆನಪುಂಟಾ ಅಂತ ಇವತ್ತೇ ನೋಡಿ.

ಕಾಂಟ್ಯಾಕ್ಟ್ಸ್ ವಿಸಿಎಫ್ (ಹೆಸರು, ನಂಬರು ಇರುವ ಫೈಲು) ಆಗಿ ಎಕ್ಸ್‌ಪೋರ್ಟ್ ಮಾಡಿ. ಎಸ್‌ಎಂಎಸ್‌ಗೆ ಬೇರೆ ಆ್ಯಪುಗಳು ಉಂಟು. ಲಾಗಿನ್ ಕೋಡು ಕೊಡುವ ಅಥೆಂಟಿಕೇಟರ್ ಆ್ಯಪು ಇದ್ದರೆ ಅದರ ಕೋಡುಗಳನ್ನು ಇನ್ನೊಂದು ಫೋನಿಗೆ ದಾಟಿಸಿ, ಇಲ್ಲದಿದ್ದರೆ ನಿಮ್ಮದೇ ಖಾತೆಯ ಹೊರಗೆ ನೀವು ನಿಲ್ಲಬೇಕಾಗುತ್ತದೆ.

ಇಷ್ಟಾದ ಮೇಲೆ ಪರೀಕ್ಷೆ. ಫೋನಿನಲ್ಲಿ ಎಷ್ಟು ಫೈಲು, ಕಂಪ್ಯೂಟರಿನಲ್ಲಿ ಎಷ್ಟು ಅಂತ ಎಣಿಕೆ ತಾಳೆ ನೋಡಿ. ಕಳೆದ ತಿಂಗಳು ತಮ್ಮನ ಫೋನಿನದ್ದು ತೆಗೆಯುವಾಗ 13 ಫೈಲು ಕಡಿಮೆ ಬಂತು. ಹುಡುಕಿದರೆ ಎಲ್ಲ ದೊಡ್ಡ ವಿಡಿಯೋಗಳು, ಕೇಬಲ್ ಸಡಿಲ ಇತ್ತು. ಕಂಪ್ಯೂಟರಿನಲ್ಲಿ ಗಾತ್ರದ ಪ್ರಕಾರ ಜೋಡಿಸಿ ಸೊನ್ನೆ ಬೈಟಿನವು ಉಂಟಾ ನೋಡಿ. ಆಮೇಲೆ ನಾಲ್ಕು ಹಳೆಯ ವಾಯ್ಸ್ ನೋಟ್, ಎರಡು ವಿಡಿಯೋ ಕೊನೆಯವರೆಗೆ ಹಾಕಿ ಕೇಳಿ. ವಿಸಿಎಫ್ ಫೈಲನ್ನು ಮನೆಯ ಇನ್ನೊಂದು ಫೋನಿನಲ್ಲಿ ತೆರೆದು ಕನ್ನಡದ ಹೆಸರು ಕನ್ನಡದಲ್ಲೇ ಬಂತಾ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಈಗ ಬ್ಯಾಕಪ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈಗ ಫಾಂಟಿನ ವಿಷಯ. ನೀವು ನೋಡಿದ ವಿಡಿಯೋದಲ್ಲಿ ರೂಟ್ ಫೈಲ್ ಮ್ಯಾನೇಜರಿನಿಂದ ಸಿಸ್ಟಂನ ಫಾಂಟ್ಸ್ ಫೋಲ್ಡರಿಗೆ ಫೈಲು ಅಂಟಿಸಿ, ಪರ್ಮಿಷನ್ 644 (ಎಲ್ಲರೂ ಓದಬಹುದಾದ ಅನುಮತಿ) ಕೊಟ್ಟು ರೀಸ್ಟಾರ್ಟ್ ಮಾಡುತ್ತಾರೆ. ಅದು ಹಳೆಯ ಕಾಲದ್ದು. ಆಂಡ್ರಾಯ್ಡ್ 10ರ ನಂತರ ಹೆಚ್ಚಿನ ಫೋನುಗಳಲ್ಲಿ ಸಿಸ್ಟಂ ವಿಭಾಗ ಓದಲಿಕ್ಕೆ ಮಾತ್ರ, ಬರೆಯಲಿಕ್ಕೆ ಬಿಡುವುದೇ ಇಲ್ಲ. ಈಗ ರೂಟ್ ಮಾಡುವ ಮ್ಯಾಜಿಸ್ಕ್ ಅನ್ನುವ ಸಾಫ್ಟ್‌ವೇರಿಗೆ ಮಾಡ್ಯೂಲ್ (ಸೇರಿಸುವ ತುಣುಕು) ಹಾಕಿ ಮಾಡುವುದು: ಮೂಲ ಫೈಲು ಹಾಗೆಯೇ ಇರುತ್ತದೆ, ಫೋನು ಆನ್ ಆಗುವಾಗ ನಿಮ್ಮ ಫೈಲು ಅದರ ಮೇಲೆ ಹೊದಿಸಿದ ಹಾಗೆ ಕೂರುತ್ತದೆ. ಹೊಸ ಲಿಪಿಯಾದರೆ ಫಾಂಟು ಮಾತ್ರ ಸಾಲದು, ಫಾಂಟ್ಸ್ ಡಾಟ್ ಎಕ್ಸ್‌ಎಂಎಲ್ ಅನ್ನುವ ಪಟ್ಟಿಯಲ್ಲೂ ಸೇರಿಸಬೇಕು. ಅಲ್ಲಿ ಒಂದು ಕೋನಾವರಣ (< ಅಥವಾ >) ತಪ್ಪಿದರೂ ಫೋನು ಲೋಗೋದಲ್ಲೇ ಸುತ್ತುತ್ತಾ ಇರಬಹುದು. ಅದಕ್ಕೆ ಮೊದಲೇ ನಿಮ್ಮ ಮಾಡೆಲಿನ, ನಿಮ್ಮದೇ ಬಿಲ್ಡ್ ನಂಬರಿನ ಮೂಲ ಬೂಟ್ ಇಮೇಜ್ (ಫೋನು ಎಬ್ಬಿಸುವ ಭಾಗದ ಫೈಲು) ಕಂಪ್ಯೂಟರಿನಲ್ಲಿ ಇರಬೇಕು. ಅದನ್ನು ಫ್ಲಾಶ್ ಮಾಡಿದರೆ, ಅಂದರೆ ಕಂಪ್ಯೂಟರಿನಿಂದ ಫೋನಿಗೆ ಬರೆದರೆ, ಮ್ಯಾಜಿಸ್ಕ್ ಹೋಗಿ ಫೋನು ಏಳುತ್ತದೆ. ಸೇಫ್ ಮೋಡಿಗೆ ಹೋಗಲಿಕ್ಕೆ ಸಾಧ್ಯವಾದರೆ ಅದರಿಂದಲೂ ಮಾಡ್ಯೂಲುಗಳು ನಿಲ್ಲುತ್ತವೆ. ಸಿಸ್ಟಂ ಬದಲಾದ ಸ್ಥಿತಿಯಲ್ಲಿ ಬೂಟ್‌ಲೋಡರ್ ವಾಪಸು ಲಾಕ್ ಮಾಡಲಿಕ್ಕೆ ಮಾತ್ರ ಹೋಗಬೇಡಿ, ಫೋನು ಏಳದೇ ಹೋಗಬಹುದು. ಗುಡುಗು ಮಳೆಯ ಸಂಜೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಫ್ಲಾಶ್ ಮಾಡುವುದೂ ಬೇಡ, ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಅಂತ ನಿಮಗೆ ಗೊತ್ತೇ ಉಂಟು. ಅನ್‌ಲಾಕ್ ಆದ ಫೋನಿನಲ್ಲಿ ಬ್ಯಾಂಕಿನ ಆ್ಯಪುಗಳು, ಯುಪಿಐ ನಡೆಯುವುದೂ ಖಾತ್ರಿ ಇಲ್ಲ.

ಇಷ್ಟೆಲ್ಲ ಮಾಡಿದರೂ ನಿಮಗೆ ಬೇಕಾದದ್ದು ಸಿಗುವುದು ಸಂಶಯ ಮಾರಾಯ್ರೆ. ತುಳು-ತಿಗಳಾರಿ (ಯೂನಿಕೋಡಿನಲ್ಲಿ ತುಳು ಲಿಪಿಯ ಹೆಸರು ಅದು) ಯೂನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, 16.0ನೇ ಆವೃತ್ತಿಯಲ್ಲಿ. ಆಂಡ್ರಾಯ್ಡ್ 11 ಬಂದದ್ದು 2020ರಲ್ಲಿ. ಅಕ್ಷರದ ಚಿತ್ರ ಫಾಂಟಿನಲ್ಲಿ ಇರುತ್ತದೆ, ಆದರೆ ಒತ್ತಕ್ಷರ ಎಲ್ಲಿ ಕೂಡಬೇಕು, ಸ್ವರಚಿಹ್ನೆ ಎಲ್ಲಿ ಕೂರಬೇಕು ಅಂತ ನೋಡುವುದು ಸಿಸ್ಟಂನೊಳಗಿನ ಹಾರ್ಫ್‌ಬಜ್ ಅನ್ನುವ ಭಾಗ. ಆ ಹಳೆಯ ಹಾರ್ಫ್‌ಬಜ್‌ಗೆ ಇಂತಹ ಲಿಪಿ ಉಂಟು ಅಂತಲೇ ಗೊತ್ತಿಲ್ಲ. ಚೌಕ ಹೋಗಿ ಅಕ್ಷರ ಬಂದೀತು, ಒತ್ತಕ್ಷರ ಬಿಡಿಬಿಡಿಯಾಗಿ ಬೀಳುವ ಸಾಧ್ಯತೆ ಹೆಚ್ಚು. ಮತ್ತೆ ನೀವು ಕಳಿಸಿದ್ದು ಎದುರಿನವರ ಫೋನಿನಲ್ಲಿ ಆಗಲೂ ಚೌಕವೇ. ಹಳೆಯ ಕೆಲವು ತುಳು ಫಾಂಟುಗಳು ಕನ್ನಡದ ಸಂಕೇತಗಳ ಮೇಲೆಯೇ ತುಳು ಅಕ್ಷರ ಕೂರಿಸಿದವು. ಅಂಥದ್ದನ್ನು ಕನ್ನಡ ಫಾಂಟಿನ ಜಾಗಕ್ಕೆ ಹಾಕಿದರೆ ಮನೆಯವರು ಕನ್ನಡದಲ್ಲಿ ಕಳಿಸಿದ ಮೆಸೇಜೂ ತುಳು ಲಿಪಿಯಲ್ಲಿ ಕಾಣುತ್ತದೆ.

ನಾನು ಮಾಡುವುದು ಬೇರೆ. ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ತಮ್ಮದೇ ಹಾರ್ಫ್‌ಬಜ್ ಉಂಟು, ಪ್ಲೇ ಸ್ಟೋರ್‌ನಿಂದ ಅಪ್‌ಡೇಟ್ ಆಗುತ್ತಾ ಇರುತ್ತದೆ. ಫಾಂಟನ್ನು ಒಳಗೇ ಸೇರಿಸಿದ ಒಂದು ಎಚ್‌ಟಿಎಂಎಲ್ ಪುಟ ಮಾಡಿ ಆ ಬ್ರೌಸರಿನಲ್ಲಿ ತೆರೆದರೆ, ಫಾಂಟು ಸರಿ ಇದ್ದರೆ, ಹಳೆಯ ಫೋನಿನಲ್ಲೂ ಒತ್ತಕ್ಷರ ಕೂಡುತ್ತದೆ. ಬೇರೆಯವರಿಗೆ ಕಳಿಸುವುದಾದರೆ ಪಿಡಿಎಫ್. ರೂಟ್ ಬೇಡ, ಡೇಟಾ ಅಳಿಯುವುದಿಲ್ಲ. ರೂಟ್ ಮಾಡಿಯೇ ಕಲಿಯಬೇಕು ಅಂತ ಆಸೆ ಇದ್ದರೆ ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಫೋನು ತೆಗೀರಿ, ದಿನವೂ ಉಪಯೋಗಿಸುವುದರ ಮೇಲೆ ಬೇಡ.

ನಾನು ಭಾನುವಾರ ಉಡುಪಿಯಲ್ಲೇ ಇರುತ್ತೇನೆ. ಫೋನು, ಕೇಬಲ್, ಜಾಗ ಇರುವ ಒಂದು ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬನ್ನಿ, ಬ್ಯಾಕಪ್ ಒಟ್ಟಿಗೆ ಕೂತು ತೆಗೆಯುವ. ಅಷ್ಟರವರೆಗೆ ಡೆವಲಪರ್ ಆಪ್ಷನ್ಸ್‌ನ ಒಇಎಂ ಅನ್‌ಲಾಕಿಂಗ್ (ಬೂಟ್‌ಲೋಡರ್ ಬೀಗ ತೆಗೆಯಲಿಕ್ಕೆ ಅನುಮತಿ ಕೊಡುವ ಸ್ವಿಚ್ಚು) ಮುಟ್ಟಬೇಡಿ, ಆಯ್ತಾ.