ವೀಸಾ ರಿಜೆಕ್ಟ್ ಆದ್ರೆ ಅಪೀಲ್ ಹಾಕ್ಬೋದಾ?

ಪ್ರಶ್ನೆ: ನಮಸ್ಕಾರ ಸಾರ್, ನಮ್ದು ಸಕಲೇಶಪುರದ ಹತ್ರ ಕಾಫಿ ತೋಟ. ಅಕ್ಕ ಮ್ಯಾಂಚೆಸ್ಟರ್‌ನಲ್ಲಿದ್ದಾಳೆ, ಬಾಣಂತನಕ್ಕೆ ಅಮ್ಮನ್ನ ಕಳ್ಸೋಣ ಅಂತ ವಿಸಿಟರ್ ವೀಸಾಗೆ ಹಾಕಿದ್ವಿ, ರಿಜೆಕ್ಟ್ ಆಯ್ತು. ಅಕೌಂಟಿಗೆ ಬಂದಿರೋ ದುಡ್ಡು ಎಲ್ಲಿಂದ ಬಂತು ಗೊತ್ತಾಗ್ತಿಲ್ಲ, ವಾಪಸ್ ಹೋಗ್ತಾರೆ ಅನ್ನೋ ನಂಬಿಕೆ ಬಂದಿಲ್ಲ ಅಂತ ಬರ್ದಿದ್ದಾರೆ. ಒಬ್ಬ ಏಜೆಂಟ್ ಅಪೀಲ್ ಹಾಕೋಣ ಅಂತಾರೆ, ಇನ್ನೊಬ್ರು ಹಳೇ ರಿಜೆಕ್ಷನ್ ಹೇಳ್ದೆ ಹೊಸ ಅರ್ಜಿ ಹಾಕಿ ಅಂತಾರೆ. ಏನ್ ಮಾಡೋದು?

ಉತ್ತರ: ಆ ಎರಡನೇ ಏಜೆಂಟ್ ಮಾತು ದಯವಿಟ್ಟು ಕೇಳ್ಬೇಡಿ. ಅಮ್ಮ ಬೆರಳಚ್ಚು ಕೊಟ್ಟಿದ್ದಾರೆ, ಹಳೇ ಅರ್ಜಿ ಯುಕೆ ವೀಸಾ ಆಫೀಸಿನೋರ ಹತ್ರ ಇದ್ದೇ ಇರುತ್ತೆ, ಮುಚ್ಚಿಟ್ಟಿದ್ದು ಗೊತ್ತಾದ್ರೆ ಮೋಸ ಅಂತ ಹಿಡ್ದು 10 ವರ್ಷದವರೆಗೂ ವೀಸಾ ಸಿಗದ ಹಾಗೆ ಆಗ್ಬೋದು.

ಇನ್ನು ಅಪೀಲ್. ಯುಕೆಯಲ್ಲಿ ಮನೆಯವ್ರನ್ನ ನೋಡೋಕೆ ಹೋಗೋರಿಗಿದ್ದ ಪೂರ್ತಿ ಅಪೀಲ್ ಹಕ್ಕನ್ನ 2013ರ ಜೂನ್‌ನಲ್ಲೇ ತೆಗ್ದುಬಿಟ್ರು. ಈಗ ಉಳ್ದಿರೋದು ಮಾನವ ಹಕ್ಕಿನ (ಅಂದ್ರೆ ಕುಟುಂಬ ಜೀವನದ ಹಕ್ಕಿನಂಥದ್ದರ) ಆಧಾರ ಮಾತ್ರ, ಮದುವೆಯಾಗಿ ಬೇರೆ ಸಂಸಾರ ಮಾಡ್ತಿರೋ ಮಗಳ ವಿಷ್ಯದಲ್ಲಿ ಅದು ಗೆಲ್ಲೋದು ತುಂಬಾ ಕಷ್ಟ. ಜುಡಿಷಿಯಲ್ ರಿವ್ಯೂ ಅಂತ ಇನ್ನೊಂದಿದೆ, ಅಂದ್ರೆ ತೀರ್ಮಾನ ಕಾನೂನು ಪ್ರಕಾರ ಆಗಿದ್ಯಾ ಅಂತ ಕೋರ್ಟ್ ನೋಡೋದು, 3 ತಿಂಗಳೊಳಗೆ ಹಾಕ್ಬೇಕು, ಲಾಯರ್ ಖರ್ಚು ಜಾಸ್ತಿ, ಹೆರಿಗೆ ಟೈಮಿಗೆ ಮುಗಿಯೋ ಕೆಲ್ಸನೂ ಅಲ್ಲ. ಹೊಸ ಅರ್ಜಿನೇ ಸರಿ, ಆದ್ರೆ ಅದೇ ಪೇಪರ್ ಇಟ್ಟು ಹಾಕಿದ್ರೆ ಅದೇ ಉತ್ರ ಬರುತ್ತೆ.

ನಿಮ್ಮ ನಿಜವಾದ ತೊಡಕು ಕಾಫಿ ದುಡ್ಡು. ಹೆಚ್ಚಿನಂಶ ಪೇಪರ್ ನೋಡೇ ತೀರ್ಮಾನ ಮಾಡ್ತಾರೆ, ವೀಸಾ ಆಫೀಸರಿಗೆ ಕಾಣೋದು ಏನಂದ್ರೆ ವರ್ಷವಿಡೀ ಖಾಲಿ ಇರೋ ಅಕೌಂಟಿಗೆ ಫೆಬ್ರವರಿನಲ್ಲಿ ಒಂದೇ ಸಲ ಲಕ್ಷಗಟ್ಲೆ ಬಿದ್ದಿದೆ, ಯಾರೋ ತೋರಿಸೋಕೆ ಹಾಕಿದ್ದು ಅಂತ ಅವ್ರಿಗೆ ಅನ್ಸುತ್ತೆ. ಕುಯ್ಲು ಮುಗ್ದ ಮೇಲೆ ನಮ್ಮೋರಿಗೆ ದುಡ್ಡು ಬರೋದೇ ಹಂಗೆ ಅಂತ ಅವ್ರಿಗೆ ಹೇಗ್ ಗೊತ್ತಾಗ್ಬೇಕು ಹೇಳಿ. ಅದಕ್ಕೆ ಪ್ರತಿ ದೊಡ್ಡ ಎಂಟ್ರಿಗೂ ವ್ಯಾಪಾರಿ ಅಥವಾ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣೆ ಮಾಡೋ ಕಾರ್ಖಾನೆ) ಬಿಲ್ ಇಡಿ, ಮೆಣಸು ಮಾರಿದ್ರೆ ಅದರದ್ದೂ ಇಡಿ, ಹಿಂದಿನ ಎರಡು ಮೂರು ವರ್ಷದ ಸ್ಟೇಟ್‌ಮೆಂಟ್ ಕೊಟ್ರೆ ಪ್ರತಿ ವರ್ಷ ಅದೇ ಸೀಸನ್‌ನಲ್ಲಿ ಬಂದಿರೋದು ಕಾಣುತ್ತೆ. ಹಣ್ಣು ಕಾಫಿನೇ ಮಾರೋರಾದ್ರೆ ಅದು ಕೃಷಿ ಆದಾಯ, ಇನ್‌ಕಮ್ ಟ್ಯಾಕ್ಸ್ ಇಲ್ಲ, ರಿಟರ್ನ್ಸ್ ಯಾಕಿಲ್ಲ ಅನ್ನೋದನ್ನೂ ಕವರಿಂಗ್ ಲೆಟರ್‌ನಲ್ಲಿ ಬರೀರಿ. ಪಹಣಿ ಅಮ್ಮನ ಹೆಸ್ರಲ್ಲಿದ್ರೆ ಬಹಳ ಒಳ್ಳೇದು, ವಾಪಸ್ ಬರೋಕೆ ಅದೇ ದೊಡ್ಡ ಕಾರಣ, ಆದ್ರೆ ಕನ್ನಡದ್ದನ್ನ ಹಂಗೇ ಕೊಡ್ಬೇಡಿ, ಇಂಗ್ಲಿಷ್ ಅನುವಾದ ಮಾಡ್ಸಿ, ಅನುವಾದಕರ ಹೆಸ್ರು, ಸಹಿ, ತಾರೀಖು ಇರ್ಲಿ. ಇಷ್ಟೇ ಬ್ಯಾಲೆನ್ಸ್ ಇರ್ಬೇಕು ಅಂತ ರೂಲ್ ಇಲ್ಲ, ಸಾಲ ತಂದು ಅಕೌಂಟ್ ತುಂಬಿಸ್ಬೇಡಿ.

ಅಕ್ಕನ ಪತ್ರ, ಸ್ಯಾಲರಿ ಸ್ಲಿಪ್, ವೀಸಾ ಕಾಪಿ ಬೇಕು. ಮಗು ನೋಡ್ಕೊಳ್ಳೋ ಕೆಲಸಕ್ಕೆ ಹೋಗ್ತಿದ್ದಾರೆ ಅನ್ನೋ ಅರ್ಥ ಬರದ ಹಾಗೆ, ಇಷ್ಟು ದಿನ ಇದ್ದು ಕುಯ್ಲಿಗೆ ಮುಂಚೆ ವಾಪಸ್ ಅಂತ ನೇರವಾಗಿ ಬರೀಲಿ. 6 ತಿಂಗಳು ಇರ್ಬೋದು ಅಂತ ಪೂರ್ತಿ 6 ತಿಂಗಳು ಕೇಳ್ಬೇಡಿ.

ಪ್ರಶ್ನೆ: ಅಮೆರಿಕಾ ವೀಸಾ ಇಂಟರ್‌ವ್ಯೂನಲ್ಲಿ ನನ್ ಪೇಪರ್ ಮುಟ್ಲೇ ಇಲ್ಲ, 214(ಬಿ) ಚೀಟಿ (ವಾಪಸ್ ಬರ್ತೀರಿ ಅನ್ನೋ ನಂಬಿಕೆ ಬಂದಿಲ್ಲ ಅಂತ ಆ ಕಾನೂನು ಸೆಕ್ಷನ್ ಪ್ರಕಾರ ರಿಜೆಕ್ಟ್ ಮಾಡಿದ ಚೀಟಿ) ಕೊಟ್ಟು ಕಳ್ಸಿದ್ರು. ಅಪೀಲ್ ಇದ್ಯಾ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಇಲ್ಲ. ಮತ್ತೆ ಫೀಸ್ ಕಟ್ಟಿ ಹೊಸ ಅರ್ಜಿ ಹಾಕ್ಬೇಕು. ಅಲ್ಲಿ ಪೇಪರ್‌ಗಿಂತ ನೀವು ಫಾರ್ಮ್‌ನಲ್ಲಿ ಬರ್ದಿದ್ದು, ಬಾಯಲ್ಲಿ ಹೇಳೋದೇ ಮುಖ್ಯ, ಕನ್ನಡದಲ್ಲಿ ಮಾತಾಡೋದು ಸಲೀಸು ಅಂದ್ರೆ ಅಪಾಯಿಂಟ್‌ಮೆಂಟ್‌ಗೆ ಮುಂಚೆನೇ ಇಂಟರ್‌ಪ್ರಿಟರ್ ಸಿಗ್ತಾರಾ ವಿಚಾರಿಸಿ.